ಕ್ವೆರ್ಸೆಟಿನ್ ಲಿವರನ್ನು ಕಾಪಾಡಿತೋ, ವಿಷವನ್ನೇ ಹುಟ್ಟಗೊಡಲಿಲ್ಲವೋ?

ಒಂದು ವಾರ ಇಲಿಗಳಿಗೆ ಕ್ವೆರ್ಸೆಟಿನ್ ಎಂಬ ಸಸ್ಯಮೂಲದ ಫ್ಲೇವನಾಯ್ಡ್ ಕುಡಿಸಿ, ಆಮೇಲೆ ಪ್ಯಾರಾಸಿಟಮಾಲ್ ಚುಚ್ಚಿ, ಎಎಲ್‌ಟಿ (ಲಿವರ್ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವ) ಕಡಿಮೆ ಬಂತೆಂದು ತೋರಿಸುವುದು ದೊಡ್ಡ ಕೆಲಸವಲ್ಲ. ಯಾಕೆ ಕಡಿಮೆ ಬಂತು ಎನ್ನುವುದೇ ಕಷ್ಟದ ಭಾಗ. ಪ್ಯಾರಾಸಿಟಮಾಲ್ ಇದ್ದ ರೂಪದಲ್ಲೇ ಲಿವರನ್ನು ಕೆಡಿಸುವುದಿಲ್ಲ. ಸಿವೈಪಿ2ಇ1 ಮೊದಲಾದ ಕಿಣ್ವಗಳು ಅದರ ಒಂದು ಪಾಲನ್ನು ಎನ್‌ಎಪಿಕ್ಯೂಐ ಎಂಬ ವಿಷವಾಗಿ ಬದಲಿಸುತ್ತವೆ. ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ಅಣು, ತಾನು ಇರುವ ತನಕ ಆ ವಿಷವನ್ನು ಹಿಡಿದು ಹಾಕುತ್ತದೆ. ಗ್ಲುಟಾಥಯೋನ್ ಬರಿದಾದ ಮೇಲೆ ವಿಷ ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ನಾವು ಕೊಟ್ಟ ಫ್ಲೇವನಾಯ್ಡ್ ಆ ಕಿಣ್ವಗಳನ್ನೇ ತಡೆದಿದ್ದರೆ ವಿಷವೇ ಹುಟ್ಟಿರುವುದಿಲ್ಲ. ಅದನ್ನು ಲಿವರ್ ರಕ್ಷಣೆ ಎಂದು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈ ಗೊಂದಲ ದ್ರಾವಕದಿಂದಲೇ ಶುರುವಾಗುತ್ತದೆ. ಕ್ವೆರ್ಸೆಟಿನ್ ನೀರಿಗೆ ಒಗ್ಗುವುದಿಲ್ಲ, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ಡಿಎಂಎಸ್‌ಒ ತಾನೇ ಸಿವೈಪಿ2ಇ1ಕ್ಕೆ ಅಡ್ಡಬರುತ್ತದೆ, ಕ್ವೆರ್ಸೆಟಿನ್ ಕೊಡದಿದ್ದರೂ ಇಲಿ ಉಳಿದುಕೊಳ್ಳುತ್ತದೆ. ಹಾಗಾಗಿ ನಾವು ಬಳಸುವುದು 0.5% ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟು). 100 ಮಿ.ಲೀ. ಬಿಸಿನೀರಿಗೆ 0.5 ಗ್ರಾಂ ಪುಡಿಯನ್ನು, ಸ್ಟಿರರ್ ತಿರುಗುತ್ತಿರುವಾಗಲೇ, ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಒಮ್ಮೆಲೇ ಸುರಿದರೆ ಮುದ್ದೆಗೆ ಹಾಕಿದ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ, ಆ ಗಂಟು ಗವಾಜ್ ಸೂಜಿಯಲ್ಲಿ (ಬಾಯಿಂದ ನೇರ ಜಠರಕ್ಕೆ ಮದ್ದು ಬಿಡುವ ಮೊಂಡು ಸೂಜಿ) ಸಿಕ್ಕಿಕೊಳ್ಳುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ತಿಳಿಯಾಗುತ್ತದೆ.

ತೂಗುವ ಮುಂಚೆ ಡಬ್ಬಿಯ ಲೇಬಲ್ ಓದಿ. ಅನೇಕ ಸಲ ಬರುವುದು ಡೈಹೈಡ್ರೇಟ್, ಅಣುತೂಕ 338.26, ನೀರಿಲ್ಲದ ಕ್ವೆರ್ಸೆಟಿನ್‌ನದು 302.24. ಕೆ.ಜಿ.ಗೆ 50 ಮಿ.ಗ್ರಾಂ ಡೋಸನ್ನು 10 ಮಿ.ಲೀ.ಯಲ್ಲಿ ಕೊಡಲು ಮಿ.ಲೀ.ಗೆ 5 ಮಿ.ಗ್ರಾಂ ಬೇಕು, ಡೈಹೈಡ್ರೇಟ್ ಆದರೆ 5.6. ಪುಡಿಯನ್ನು ಖಲ್ಲಿಗೆ ಹಾಕಿ, ನಾಲ್ಕೈದು ಹನಿ ಸಿಎಂಸಿ ಬಿಟ್ಟು ಗಂಧ ತೇಯ್ದ ಹಾಗೆ ನುಣ್ಣಗೆ ಅರೆದ ಮೇಲೆಯೇ ಉಳಿದದ್ದನ್ನು ಸೇರಿಸಿ. ದಿನದಿನವೂ ಹೊಸದು ಮಾಡಿ. ಹಳದಿ ಬಣ್ಣ ಕಂದಿಗೆ ತಿರುಗಿದರೆ ಅದು ಆಕ್ಸಿಡೀಕರಣ, ಚೆಲ್ಲಿಬಿಡಿ. ಪ್ರತಿ ಇಲಿಗೂ ಸಿರಿಂಜ್ ತುಂಬುವ ಮುಂಚೆ ಅಲ್ಲಾಡಿಸದಿದ್ದರೆ ಪುಡಿ ತಳಕ್ಕಿಳಿದು ಕೊನೆಯ ಇಲಿಗಳಿಗೆ ಹೆಚ್ಚು ಡೋಸ್ ಹೋಗುತ್ತದೆ. ಕುಡಿಸಿದ ಮೇಲೆ ಮೂಗಿನಲ್ಲಿ ಹಳದಿ ನೊರೆ ಕಂಡರೆ ಸೂಜಿ ಶ್ವಾಸನಾಳಕ್ಕೆ ಹೋಗಿದೆ ಎಂದರ್ಥ.

ಇಲಿಗಳು ಸಿ57ಬಿಎಲ್/6 ತಳಿ, ಗಂಡು, ಗುಂಪಿಗೆ 8. ಹೆಣ್ಣಿಲಿಗಳ ಲಿವರ್ ಪ್ಯಾರಾಸಿಟಮಾಲಿಗೆ ಇಷ್ಟು ಸುಲಭವಾಗಿ ಸೋಲುವುದಿಲ್ಲ. ಸಿಎಂಸಿ ಮಾತ್ರ, ಕ್ವೆರ್ಸೆಟಿನ್ ಮಾತ್ರ, ಪ್ಯಾರಾಸಿಟಮಾಲ್ ಮಾತ್ರ, ಎರಡೂ, ಮತ್ತೆ ಹೋಲಿಕೆಗೆ ಪ್ಯಾರಾಸಿಟಮಾಲ್ ವಿಷಕ್ಕೆ ಕೊಡುವ ಮದ್ದಾದ ಎನ್-ಅಸಿಟೈಲ್ ಸಿಸ್ಟೀನ್ ಗುಂಪು. ಏಳನೆಯ ದಿನ ಸಂಜೆ 6ಕ್ಕೆ ಆಹಾರ ತೆಗೆದು, ನೀರು ಬಿಟ್ಟು, ಹಾಸನ್ನೂ ಬದಲಿಸುತ್ತೇವೆ. ಹಳೆಯ ಹಾಸಿನಲ್ಲಿ ಚೂರುಪಾರು ತಿಂಡಿ ಸಿಕ್ಕರೆ ಗ್ಲುಟಾಥಯೋನ್ ಇಳಿಯುವುದಿಲ್ಲ, ಲಿವರೂ ಕೆಡುವುದಿಲ್ಲ. ಬೆಳಿಗ್ಗೆ ಮತ್ತೆ ತೂಗಿ, ಆ ಉಪವಾಸದ ತೂಕಕ್ಕೇ ಡೋಸ್ ಲೆಕ್ಕ ಹಾಕಬೇಕು.

ಪ್ಯಾರಾಸಿಟಮಾಲ್ ಕೆ.ಜಿ.ಗೆ 300 ಮಿ.ಗ್ರಾಂ, ಜಠರಕ್ಕಲ್ಲ, ಕರುಳಿನ ಸುತ್ತಲ ಹೊಟ್ಟೆಯ ಪೊಳ್ಳಿಗೆ ಚುಚ್ಚಿ. ಸಲೈನನ್ನು 50 ಡಿಗ್ರಿಗೆ ಕಾಯಿಸಿ ಮಿ.ಲೀ.ಗೆ 15 ಮಿ.ಗ್ರಾಂ ಕರಗಿಸಿ, 22 ಗ್ರಾಂ ಇಲಿಗೆ 0.44 ಮಿ.ಲೀ. ಚುಚ್ಚುವ ತನಕ ಟ್ಯೂಬ್ 37 ಡಿಗ್ರಿಯಲ್ಲೇ ಇರಲಿ. ತಣ್ಣಗಾದರೆ ಗೋಡೆಯಲ್ಲಿ ಸಣ್ಣ ಹರಳು ಕೂರುತ್ತದೆ, ಅಷ್ಟು ಮದ್ದು ಇಲಿಗೆ ಹೋಗಲೇ ಇಲ್ಲ. ಸೂಜಿ ಕರುಳಿಗೋ ಕೊಬ್ಬಿಗೋ ಹೋದ ಇಲಿಯ ಎಎಲ್‌ಟಿ ಆರೋಗ್ಯವಂತ ಇಲಿಯದರಂತೆ ಬರುತ್ತದೆ. ಅಂಥದನ್ನು ಬಿಡುವ ನಿಯಮ ಪ್ರಾಣಿ ನೈತಿಕತಾ ಸಮಿತಿಗೆ ಕೊಡುವ ಫಾರ್ಮ್ ಬಿ ಜತೆಯ ಪ್ರೋಟೋಕಾಲಿನಲ್ಲೇ ಬರೆದಿರಬೇಕು. ಅಂಕಿ ನೋಡಿದ ಮೇಲೆ ಬಿಡುವುದು ಮೋಸ.

24 ಗಂಟೆಗೆ ರಕ್ತ. ಸೀರಮ್ ಕೆಂಪಾದರೆ ಎಎಸ್‌ಟಿ ಎಂಬ ಇನ್ನೊಂದು ಲಿವರ್ ಕಿಣ್ವದ ಅಂಕಿಯನ್ನು ನಂಬಬೇಡಿ, ಅದು ಕೆಂಪು ರಕ್ತಕಣದಲ್ಲೂ ಇದೆ. ಎಎಲ್‌ಟಿಯಲ್ಲಿ ಬೇರೆ ಬಲೆಯಿದೆ. ಕಿಟ್ 340 ನ್ಯಾನೋಮೀಟರಿನಲ್ಲಿ ತನ್ನಲ್ಲಿರುವ ಎನ್‌ಎಡಿಎಚ್ ಎಂಬ ವಸ್ತು ಖರ್ಚಾಗುವ ವೇಗ ಅಳೆಯುತ್ತದೆ; ಕೆಟ್ಟ ಲಿವರಿನ ಸೀರಮ್‌ನಲ್ಲಿ ಸಾವಿರಗಟ್ಟಲೆ ಯೂನಿಟ್ ಇರುವುದರಿಂದ, ಯಂತ್ರ ಓದಲು ಶುರುಮಾಡುವಷ್ಟರಲ್ಲಿ ಎನ್‌ಎಡಿಎಚ್ ಖಾಲಿಯಾಗಿ ಸಂಖ್ಯೆ ಕಡಿಮೆ ತೋರುತ್ತದೆ. ಅತಿ ಹೆಚ್ಚು ಕೆಟ್ಟ ಇಲಿಯೇ ವಾಸಿಯಾದಂತೆ ಕಾಣುತ್ತದೆ! ಸಲೈನ್ ಬೆರೆಸಿ 1:20 ತೆಳುಮಾಡಿ ಮತ್ತೆ ಓದಿ.

ಇನ್ನು ಮೊದಲಿನ ಅನುಮಾನ. ಅದಕ್ಕೆಂದೇ ಪ್ರತಿ ಗುಂಪಿನಲ್ಲಿ ಐದು ಇಲಿಗಳನ್ನು ಬೇರೆ ಇಟ್ಟು, ಚುಚ್ಚಿದ 30 ನಿಮಿಷಕ್ಕೆ ಲಿವರ್ ತೆಗೆಯುತ್ತೇವೆ. 100 ಮಿ.ಗ್ರಾಂ ತುಂಡನ್ನು ಮಂಜುಗಡ್ಡೆಯ ಮೇಲೆ 1 ಮಿ.ಲೀ. 5% ಸಲ್ಫೋಸ್ಯಾಲಿಸಿಲಿಕ್ ಆಮ್ಲದಲ್ಲಿ ತಕ್ಷಣ ಅರೆದು, ಗ್ಲುಟಾಥಯೋನ್ ಜತೆ ಸೇರಿ ಹಳದಿ ಬಣ್ಣ ಕೊಡುವ ಡಿಟಿಎನ್‌ಬಿ ಹಾಕಿ 412 ನ್ಯಾನೋಮೀಟರಿನಲ್ಲಿ ಓದುವುದು. ಆಮ್ಲ ಹೆಚ್ಚಾಗಿ ಬಫರಿನ ಪಿಎಚ್ 8ರಿಂದ ಕುಸಿದರೆ ಬಣ್ಣ ಬರುವುದಿಲ್ಲ. ಕ್ವೆರ್ಸೆಟಿನ್ ಕೂಡ ಹಳದಿಯಾದ್ದರಿಂದ ಡಿಟಿಎನ್‌ಬಿ ಇಲ್ಲದ ಬ್ಲ್ಯಾಂಕ್ ಪ್ರತಿ ಸ್ಯಾಂಪಲ್ಲಿಗೂ ಬೇಕು. ಎರಡು ಪ್ಯಾರಾಸಿಟಮಾಲ್ ಗುಂಪುಗಳಲ್ಲೂ ಗ್ಲುಟಾಥಯೋನ್ ಒಂದೇ ಸಮ ಇಳಿದಿದ್ದರೆ ವಿಷ ಹುಟ್ಟಿದೆ, ರಕ್ಷಣೆ ಆಮೇಲಿನದು. ಕ್ವೆರ್ಸೆಟಿನ್ ಗುಂಪಿನಲ್ಲಿ ಇಳಿಯದೆ ನಿಂತಿದ್ದರೆ, ಕ್ವೆರ್ಸೆಟಿನ್ ಮಾತ್ರ ಕೊಟ್ಟವುಗಳಲ್ಲಿ ಮೊದಲೇ ಎಷ್ಟಿತ್ತೆಂದು ನೋಡಿ. ಅಲ್ಲೂ ಹೆಚ್ಚಿಲ್ಲವೆಂದರೆ ಕಿಣ್ವವೇ ತಡೆಯಲ್ಪಟ್ಟಿರುವ ಸಂಭವ ಹೆಚ್ಚು.

ಮತ್ತೊಂದು ಸರಣಿಯಲ್ಲಿ ಕ್ವೆರ್ಸೆಟಿನ್ನನ್ನು ಪ್ಯಾರಾಸಿಟಮಾಲಿನ ಒಂದೂವರೆ ಗಂಟೆ ನಂತರ ಕೊಡುತ್ತೇವೆ. ಅಷ್ಟರಲ್ಲಿ ಎನ್‌ಎಪಿಕ್ಯೂಐ ತಯಾರಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಈ ಗುಂಪಿನ ಸ್ಲೈಡ್‌ಗಳನ್ನೇ ನಾನು ಮೊದಲು ನೋಡುವುದು: ಎಲ್ಲ ಇಲಿಗಳಲ್ಲೂ ಎಡ ಪಾರ್ಶ್ವದ ಅದೇ ಹಾಲೆ, 10% ಬಫರ್ಡ್ ಫಾರ್ಮಾಲಿನ್, 5 ಮೈಕ್ರಾನ್ ಸೀಳು. ಪೆಟ್ಟು ಬೀಳುವುದು ಕೇಂದ್ರ ರಕ್ತನಾಳದ ಸುತ್ತ, ಸಿವೈಪಿ2ಇ1 ದಟ್ಟವಾಗಿರುವಲ್ಲೇ. ನ್ಯೂಕ್ಲಿಯಸ್ ಕಳೆದುಕೊಂಡ ಆ ಪೇಲವ ಗುಲಾಬಿ ಬಳೆಯ ವಿಸ್ತೀರ್ಣ ಎಷ್ಟು ಶೇಕಡಾ ಎಂದು, ಗುಂಪಿನ ಹೆಸರು ಗೊತ್ತಿಲ್ಲದವರು ಅಳೆದು ಬರೆಯಬೇಕು. ಕೋಡ್ ಬಿಡಿಸುವುದು ಕೊನೆಯ ಸ್ಲೈಡ್ ಮುಗಿದ ಮೇಲೆ.