ವಿಎಂಸಿ ಯಂತ್ರದ ವಿದ್ಯುತ್ ಲೆಕ್ಕ: ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ವಿಎಂಸಿ (ತಿರುಗುವ ಟೂಲಿನಿಂದ ಲೋಹ ಕತ್ತರಿಸುವ ಕಂಪ್ಯೂಟರ್ ಚಾಲಿತ ಯಂತ್ರ), ಒಂದು ಸಿಎನ್‌ಸಿ ಲೇತ್ ಮತ್ತು ಒಂದು ಕಂಪ್ರೆಸರ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ನನಗೆ, ಬಿಡಿಭಾಗಕ್ಕೆ ದರ ಹೇಳುವಾಗ ವಿದ್ಯುತ್ತಿನ ಪಾಲು ಎಷ್ಟೆಂಬುದು ಬಹುಕಾಲ ಅಂದಾಜಿನ ಮಾತಾಗಿಯೇ ಇತ್ತು. ವಿಎಂಸಿಯಲ್ಲಿ ಟೂಲನ್ನು ತಿರುಗಿಸುವ ದಂಡದ, ಅಂದರೆ ಸ್ಪಿಂಡಲ್‌ನ, ಮೋಟಾರಿನ ಫಲಕದಲ್ಲಿರುವ 11 ಕಿಲೋವ್ಯಾಟನ್ನು ಸೈಕಲ್ ಸಮಯದಿಂದ (ಒಂದು ಬಿಡಿಭಾಗಕ್ಕೆ ಹಿಡಿಯುವ ಹೊತ್ತಿನಿಂದ) ಗುಣಿಸುತ್ತಿದ್ದೆ. ಹಾಗೆ ಬಂದ ಮೊತ್ತ ತಿಂಗಳ ಬೆಸ್ಕಾಂ ಬಿಲ್ಲಿಗೆ ಎಂದೂ ತಾಳೆಯಾಗುತ್ತಿರಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ತಂತಿಯ ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರ್. ಸ್ಪಿಂಡಲ್ ನಿಮಿಷಕ್ಕೆ 6000 ಸುತ್ತಿನಲ್ಲಿ ಬರಿದೆ ತಿರುಗುತ್ತ, ಕೂಲೆಂಟ್ (ಟೂಲನ್ನು ತಂಪಾಗಿಡುವ ದ್ರವ) ಹರಿಯುತ್ತಿರುವಾಗ ಪ್ರತಿ ಫೇಸ್‌ನಲ್ಲಿ 9 ಆಂಪಿಯರ್ ತೋರಿಸಿತು. ಅದನ್ನು 415 ವೋಲ್ಟ್ ಮತ್ತು ಮೂರು ಫೇಸ್ ಲೆಕ್ಕದ 1.732ರಿಂದ ಗುಣಿಸಿ, ಲೋಹ ಕತ್ತರಿಸದೆಯೇ ಆರೂವರೆ ಕಿಲೋವ್ಯಾಟ್ ಹೋಗುತ್ತಿದೆಯೆಂದು ಬೆಚ್ಚಿದೆ. ಆದರೆ ನಾನು ಲೆಕ್ಕ ಹಾಕಿದ್ದು ಕೆವಿಎ (ವೋಲ್ಟ್ ಮತ್ತು ಆಂಪಿಯರಿನ ಬರಿಯ ಗುಣಲಬ್ಧ), ನಿಜವಾಗಿ ಖರ್ಚಾಗುವ ಕಿಲೋವ್ಯಾಟ್ ಅಲ್ಲ. ಹೊರೆಯಿಲ್ಲದ ಇಂಡಕ್ಷನ್ ಮೋಟಾರಿನ ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾದ ಕಿಲೋವ್ಯಾಟಿನ ಪಾಲು) ಬಹಳ ಕಡಿಮೆಯಿರುತ್ತದೆ, ಡ್ರೈವ್‌ಗಳು ಎಳೆಯುವ ಹಾರ್ಮೋನಿಕ್ (ಅಲೆಯ ಆಕಾರ ಕೆಟ್ಟ) ಪ್ರವಾಹ ಅದನ್ನು ಇನ್ನಷ್ಟು ಇಳಿಸುತ್ತದೆ; ಆಂಪಿಯರ್ ಒಂದನ್ನೇ ನೋಡುವವನಿಗೆ ಈ ಎರಡೂ ಕಾಣಿಸುವುದಿಲ್ಲ.

ಆದ್ದರಿಂದ ಮೂರು ಸಿಟಿಗಳಿರುವ (ಪ್ರತಿ ಫೇಸಿನ ತಂತಿಯ ಸುತ್ತ ಕೂತು ಪ್ರವಾಹ ಅಳೆಯುವ ಉಂಗುರಗಳು) ಒಂದು ಎನರ್ಜಿ ಮೀಟರ್ ತಂದು, ಮೇನ್ ಐಸೊಲೇಟರ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಜೊತೆಯಲ್ಲಿ ನಿಂತು ಯಂತ್ರದ ಪ್ಯಾನೆಲ್‌ಗೆ ಜೋಡಿಸಿದೆ. ಅದೇ ಸ್ಥಿತಿಯಲ್ಲಿ ಅದು 1.2 ಕಿಲೋವ್ಯಾಟ್ ತೋರಿಸಿತು. ಇಷ್ಟು ಮಿತವ್ಯಯದ ಯಂತ್ರವೇ ಎಂದು ಎರಡು ದಿನ ಹಿಗ್ಗಿದ್ದೂ ಉಂಟು.

ಹಿಗ್ಗನ್ನು ಇಳಿಸಿದ್ದು ಗೋಡೆಯ ಮೇಲಿನ ಬೆಸ್ಕಾಂ ಮೀಟರು. ಅದರ ಮೇಲೆ ಒಂದು ಯೂನಿಟ್‌ಗೆ (ಒಂದು ಕಿಲೋವ್ಯಾಟ್ ಅವರ್‌ಗೆ) 800 ಪಲ್ಸ್ ಎಂದು ಬರೆದಿದೆ, ಪ್ರತಿ ಪಲ್ಸ್‌ಗೂ ಒಂದು ಕೆಂಪು ದೀಪ ಮಿನುಗುತ್ತದೆ. ಶೆಡ್ಡಿನಲ್ಲಿ ಬೇರೆಲ್ಲವನ್ನೂ ಆರಿಸಿ ವಿಎಂಸಿಯನ್ನು ಮಾತ್ರ ಓಡಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಣಿಸಿದರೆ ಹತ್ತು ಮಿನುಗಿಗೆ ಸುಮಾರು 12 ಸೆಕೆಂಡ್ ಹಿಡಿಯಿತು. ಹತ್ತು ಪಲ್ಸನ್ನು 3600ರಿಂದ ಗುಣಿಸಿ, 800 ಮತ್ತು 12ರಿಂದ ಭಾಗಿಸಿದರೆ 3.75 ಕಿಲೋವ್ಯಾಟ್. ನನ್ನ ಹೊಸ ಮೀಟರು ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗ ಹೇಳುತ್ತಿತ್ತು. ಒಂದು ಸಿಟಿಯನ್ನು ನಾನು ತಿರುಗುಮುರುಗಾಗಿ ಹಾಕಿದ್ದೆ. ಆ ಫೇಸ್ ಋಣವಾಗಿ ಲೆಕ್ಕಕ್ಕೆ ಬಂದು ಇನ್ನೊಂದು ಫೇಸನ್ನು ನುಂಗಿಹಾಕಿತ್ತು. ಸಿಟಿಯ ಮೇಲಿನ ಬಾಣದ ಗುರುತು ಹೊರೆಯ ಕಡೆಗಿರಬೇಕು ಮತ್ತು ಆಯಾ ಫೇಸ್‌ನ ವೋಲ್ಟೇಜ್ ತಂತಿ ಅದೇ ಫೇಸ್‌ನ ಸಿಟಿಗೆ ಜೊತೆಯಾಗಬೇಕು. ಇವನ್ನು ಸರಿಪಡಿಸಿದ ಮೇಲೆ 3.7 ಬಂತು. ಈಗ ಯಾವ ಮೀಟರ್ ಹಾಕಿದರೂ ಮೊದಲು ಪಲ್ಸ್ ಎಣಿಸದೆ ನಂಬುವುದಿಲ್ಲ.

ಯಂತ್ರೋಪಕರಣಗಳ ವಿದ್ಯುತ್ ಅಳತೆಗೆಂದೇ ಐಎಸ್‌ಒ 14955 ಎಂಬ ಮಾನದಂಡವಿದೆ. ಯಂತ್ರವನ್ನು ಒಟ್ಟಾಗಿ ಅಳೆಯದೆ ಸ್ಥಿತಿಗಳಾಗಿ, ಕೆಲಸಗಳಾಗಿ ಬಿಡಿಸಿ ನೋಡಬೇಕೆಂಬ ಅದರ ಕ್ರಮವನ್ನು ನನ್ನ ಮಟ್ಟಿಗೆ ಅನುಸರಿಸಿದೆ. ಮೇನ್ ಸ್ವಿಚ್ ಮಾತ್ರ ಆನ್ ಇದ್ದಾಗ 0.6 ಕಿಲೋವ್ಯಾಟ್, ಯಂತ್ರದ ಚಲನೆಗಳನ್ನು ನಡೆಸುವ ಸರ್ವೊ ಮೋಟಾರುಗಳು ಮತ್ತು ಜಾಬ್ ಹಿಡಿಯುವ ಫಿಕ್ಸ್ಚರಿನ ಹೈಡ್ರಾಲಿಕ್ ಪ್ಯಾಕ್ ಸೇರಿದರೆ 1.6, ಕೂಲೆಂಟ್ ಪಂಪ್ ಸೇರಿದರೆ 2.4, ಸ್ಪಿಂಡಲ್ ತಿರುಗಿದರೆ 3.7. ಇಎನ್ 8 ಎಂಬ ಮಧ್ಯಮ ಇಂಗಾಲದ ಉಕ್ಕನ್ನು 10 ಮಿಲಿಮೀಟರ್ ದಪ್ಪದ ಕತ್ತರಿಸುವ ಟೂಲ್, ಅಂದರೆ ಎಂಡ್‌ಮಿಲ್‌ನಿಂದ ನಿಮಿಷಕ್ಕೆ 20 ಘನ ಸೆಂಟಿಮೀಟರ್ ವೇಗದಲ್ಲಿ ತೆಗೆಯುವಾಗ 5.0. ಅಂದರೆ ನಾನು ಗಿರಾಕಿಯಿಂದ ಹಣ ಪಡೆಯುವ ಕೆಲಸಕ್ಕೆ ಹೋಗುತ್ತಿದ್ದುದು 1.3 ಮಾತ್ರ. ಇಂಥ ಉಕ್ಕಿನ ಒಂದು ಘನ ಮಿಲಿಮೀಟರ್ ತೆಗೆಯಲು ಸುಮಾರು 3 ಜೂಲ್ ಬೇಕೆಂಬ ಕೈಪಿಡಿಯ ಲೆಕ್ಕದಿಂದ ಟೂಲ್ ತುದಿಯಲ್ಲಿ 1 ಕಿಲೋವ್ಯಾಟ್ ಬರುತ್ತದೆ. ಉಳಿದದ್ದು ಮೋಟಾರ್, ಡ್ರೈವ್ ಮತ್ತು ಬೇರಿಂಗಿನ ನಷ್ಟವೆಂದುಕೊಂಡರೆ ಅಳತೆಗೂ ಲೆಕ್ಕಕ್ಕೂ ಹೊಂದಿಕೆಯಿದೆ. ಒಟ್ಟು ವಿದ್ಯುತ್ತೆಂದರೆ ಒಂದು ಸ್ಥಿರ ಭಾಗ ಮತ್ತು ಲೋಹ ತೆಗೆಯುವ ವೇಗದೊಂದಿಗೆ ಏರುವ ಒಂದು ಭಾಗ ಎಂಬ ಸರಳ ಸೂತ್ರವನ್ನು ಎಂಐಟಿಯ ಟಿಮೊತಿ ಗುಟೋವ್ಸ್ಕಿ ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟಿದ್ದರು. ಅದು ನನ್ನ ಶೆಡ್ಡಿನಲ್ಲಿಯೂ ಹಾಗೆಯೇ ಕಂಡಿತು.

ನಾನು ಹೆದರಿದ್ದು ಮಾತ್ರ ಬೇರೆಯದಕ್ಕೆ. ಸ್ಪಿಂಡಲ್ ವೇಗ ಏರಿಸಿಕೊಳ್ಳುವಾಗ ಒಂದೂವರೆ ಸೆಕೆಂಡ್ ಕಾಲ 12 ಕಿಲೋವ್ಯಾಟ್‌ವರೆಗೆ ಜಿಗಿಯುವುದು, ಒಂದು ಸೆಕೆಂಡಿಗೊಮ್ಮೆ ದಾಖಲಿಸುವಂತೆ ಮೀಟರನ್ನು ಹೊಂದಿಸಿದ ಮೇಲೆ ಕಾಣಿಸಿತು. ಗುಣಿಸಿ ನೋಡಿದರೆ ಅಂಥ ಇನ್ನೂರು ಜಿಗಿತಗಳಿಗೆ ಒಂದು ಯೂನಿಟ್. ಕಣ್ಣಿಗೆ ಹೊಡೆಯುವ ಆ ಶಿಖರಗಳಿಗಿಂತ, ಅವುಗಳ ನಡುವೆ ತಣ್ಣಗೆ ಹರಿಯುವ ಸಪಾಟು ಗೆರೆಯೇ ಬಿಲ್ಲನ್ನು ತಿನ್ನುತ್ತಿತ್ತು.

ಟೂಲ್ ಕತ್ತರಿಸುವ ಅಗಲವನ್ನು ದುಪ್ಪಟ್ಟು ಮಾಡಿ ನಿಮಿಷಕ್ಕೆ 40 ಘನ ಸೆಂಟಿಮೀಟರಿಗೆ ಏರಿಸಿದಾಗ ಯಂತ್ರ 6.3 ಕಿಲೋವ್ಯಾಟ್ ಎಳೆಯಿತು, ಆದರೆ ಒಂದು ಘನ ಸೆಂಟಿಮೀಟರಿಗೆ 15 ಕಿಲೋಜೂಲ್ ಇದ್ದದ್ದು ಒಂಬತ್ತೂವರೆಗೆ ಇಳಿಯಿತು. ಟೂಲಿನ ಆಯುಷ್ಯ ಸ್ವಲ್ಪ ಕುಗ್ಗಿತು. ಆದ್ದರಿಂದ ಒರಟಾಗಿ ಲೋಹ ತೆಗೆಯುವ ರಫಿಂಗ್‌ನಲ್ಲಿ ಮಾತ್ರ ಇದನ್ನು ಉಳಿಸಿಕೊಂಡು, ಕೊನೆಯ ನಯದ ಫಿನಿಶಿಂಗ್ ಮುಟ್ಟಲಿಲ್ಲ. ಕತ್ತರಿಸದ ಹೊತ್ತಿನಲ್ಲಿ ಕೂಲೆಂಟ್ ನಿಲ್ಲುವಂತೆ ಪ್ರೋಗ್ರಾಮಿನಲ್ಲಿ ಎಂ09 ಸೇರಿಸಿದೆ. 14 ನಿಮಿಷದ ಆ ಜಾಬ್ 12ಕ್ಕೆ ಬಂದು, ಒಂದಕ್ಕೆ 0.97 ಯೂನಿಟ್ ಇದ್ದದ್ದು 0.83 ಆಯಿತು. ಕಂಪ್ರೆಸರನ್ನು ಒಂದು ಭಾನುವಾರ, ಯಾರೂ ಗಾಳಿ ಬಳಸದಾಗ ಅಳೆದೆ. ಹತ್ತು ನಿಮಿಷಕ್ಕೆ ಮೂರು ನಿಮಿಷ ಅದು ಸೋರಿಕೆಗಾಗಿಯೇ ಓಡುತ್ತಿತ್ತು. ಏರ್ ಗನ್ನಿನ ಕಪ್ಲರ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಗುಳ್ಳೆಗಳು.

ಊಟದ ವೇಳೆ ಎಲ್ಲವನ್ನೂ ಆರಿಸಬೇಕೆಂಬ ನನ್ನ ಉತ್ಸಾಹ ಮಾತ್ರ ಉಳಿಯಲಿಲ್ಲ. ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್ ಉಳಿಯಿತು ನಿಜ, ಆದರೆ ತಣ್ಣಗಾದ ಸ್ಪಿಂಡಲ್‌ನಿಂದ ಊಟದ ನಂತರದ ಮೊದಲ ಪೀಸಿನ ಆಳ 15 ಮೈಕ್ರಾನ್ ತಪ್ಪಿ ಅದು ಗುಜರಿಗೆ ಹೋಯಿತು. ಈಗ ಊಟಕ್ಕೆ ಹೋಗುವಾಗ ಕೂಲೆಂಟ್ ಮತ್ತು ಲೋಹದ ಚೂರು ಸಾಗಿಸುವ ಚಿಪ್ ಕನ್ವೇಯರ್ ಮಾತ್ರ ಆರುತ್ತವೆ, ಸ್ಪಿಂಡಲ್ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಮುಂದಿನ ಅಳತೆ ಲೇತಿನದು. ಅಲ್ಲಿ ಚಕ್ಕಿನ ಹೈಡ್ರಾಲಿಕ್ ಪಂಪೇ ಇಡೀ ದಿನ ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವಿನ ಮೂಲಕ ಎಣ್ಣೆಯನ್ನು ಸುತ್ತಿಸಿ ಕಾಯಿಸುತ್ತಿರುವಂತಿದೆ, ಆದರೆ ಜಾಬ್ ಹಿಡಿದಿರುವ ಚಕ್ಕಿನ ಒತ್ತಡವನ್ನು ಆರಿಸುವಂತಿಲ್ಲವಾದ್ದರಿಂದ ಒತ್ತಡವನ್ನು ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರ್ ಹಾಕಬಹುದೇ ಎಂದು ನೋಡುತ್ತಿದ್ದೇನೆ.