ನೀಲಿ ತುಟಿಯ ಮಗುವಿಗೆ ಆಕ್ಸಿಮೀಟರ್ ಹಾಕುವಾಗ

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಇದೆ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಗುವಿನ ಬೆರಳಿಗೆ ಅದನ್ನೇ ಸಿಕ್ಕಿಸಿ, ರಕ್ತದ ಆಮ್ಲಜನಕ ಶೇಕಡಾ 82 ಎಂದು ಕಂಡೊಡನೆ ಗಾಬರಿಯಾಗುವ ತಾಯಂದಿರಿದ್ದಾರೆ. ಆ ಗಾಬರಿ ಅಕಾರಣವಾಗಿರಬಹುದು. ಆದರೆ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದು ಇನ್ನೂ ಅಪಾಯ.

ಮೊದಲು ಸೆನ್ಸರ್ ನೋಡಿ. ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಸಡಿಲವಾಗಿ, ಬೆಳಕು ಪಕ್ಕದಿಂದ ಸೋರುತ್ತದೆ. ಶಿಶುಗಳಿಗೆ ಪಾದಕ್ಕೋ ಅಂಗೈಗೋ ಸುತ್ತುವ ಪಟ್ಟಿಯೇ ಬೇಕು. ಉಗುರುಬಣ್ಣ ಅಳಿಸಿ, ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡಿ. ಶ್ವಾಸಕೋಶಕ್ಕೆ ರಕ್ತ ಹೆಚ್ಚಿಸಲು ಬಿ.ಟಿ. ಷಂಟ್ (ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಜೋಡಿಸುವ ಕೊಳವೆ) ಹಾಕಿದ್ದರೆ ಆ ಬದಿಯ ಕೈಯಲ್ಲಿ ನಾಡಿ ಕ್ಷೀಣವಾಗಿರಬಹುದು. ಯಾವ ಕೈ ಸರಿ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಮಗು ಅಳು ನಿಲ್ಲಿಸಿ ಸುಮ್ಮನಾದ ಮೇಲೆ ಅಳೆಯಿರಿ. ಅಂಕಿ ಕುಣಿಯುತ್ತಿದ್ದರೆ ಬರೆದುಕೊಳ್ಳಬೇಡಿ. ಅರ್ಧ ನಿಮಿಷವಾದರೂ ಒಂದೆಡೆ ನಿಲ್ಲಲಿ. ಉಪಕರಣ ತೋರಿಸುವ ನಾಡಿಬಡಿತ, ನೀವು ಎದೆಯ ಮೇಲೆ ಕೈಯಿಟ್ಟು ಎಣಿಸಿದ ಬಡಿತಕ್ಕೆ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬುವಂತಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಪೋಷಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಉಪಕರಣ ಕೆಂಪು ಮತ್ತು ಅವಗೆಂಪು ಬೆಳಕನ್ನು ರಕ್ತ ಎಷ್ಟೆಷ್ಟು ಹೀರಿತು ಎಂಬುದರಿಂದ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಕೋಷ್ಟಕ ತಯಾರಾದದ್ದು ಆರೋಗ್ಯವಂತ ವಯಸ್ಕರ ಮೇಲೆ. ಅವರ ಆಮ್ಲಜನಕವನ್ನು 70ಕ್ಕಿಂತ ಕೆಳಗಿಳಿಸುವುದು ಕ್ಷೇಮವಲ್ಲದ ಕಾರಣ ಅದರಾಚೆಗಿನದು ಬರೀ ಅಂದಾಜು. ಹೃದ್ರೋಗದಿಂದ ನೀಲಿಗಟ್ಟುವ ಮಕ್ಕಳಲ್ಲಿ 80ರ ಆಸುಪಾಸಿನಿಂದ ಕೆಳಗೆ ಉಪಕರಣ ಇರುವುದಕ್ಕಿಂತ ಹೆಚ್ಚು ತೋರಿಸುವುದು ಸಾಮಾನ್ಯ. ಕಪ್ಪು ಮೈಬಣ್ಣದವರಲ್ಲೂ ಅದೇ ಕಡೆಗೆ ವಾಲುತ್ತದೆ. ನಿಜವಾದ ಮಟ್ಟ ತಿಳಿಯಲು ಆಸ್ಪತ್ರೆಯಲ್ಲಿ ಅಪಧಮನಿಯ ರಕ್ತವನ್ನೇ ಪರೀಕ್ಷಿಸಬೇಕು.

ಹಾಗೆಂದು ಕ್ಲಿಪ್ಪನ್ನು ಎಸೆಯಬೇಕಿಲ್ಲ. ಷಂಟ್ ಹಾಕಿಸಿಕೊಂಡ ಮಗುವಿಗೆ 75ರಿಂದ 85 ಎಂಬುದು ವೈದ್ಯರು ನಿರೀಕ್ಷಿಸುವ ಮಟ್ಟವೇ ಆಗಿರಬಹುದು. ಪಕ್ಕದ ಮನೆಯ ಮಗುವಿನ 98ರ ಜತೆ ಹೋಲಿಕೆ ಬೇಡ. ನಿಮ್ಮ ಮಗುವಿಗೆ ಎಷ್ಟಿರಬೇಕು, ಎಷ್ಟಕ್ಕೆ ಇಳಿದರೆ ಕರೆ ಮಾಡಬೇಕು ಎಂಬ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ಉಪಕರಣ, ಅದೇ ಜಾಗ, ಹೆಚ್ಚುಕಡಿಮೆ ಅದೇ ಹೊತ್ತು. ದಿನದ ರೀಡಿಂಗನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದರೆ ಇಳಿಜಾರು ತಾನಾಗಿ ಕಾಣುತ್ತದೆ.

ಫ್ಯಾಲೋ ಟೆಟ್ರಾಲಜಿ, ಅಂದರೆ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಿಗೇ ಇರುವ ಹುಟ್ಟು ಕಾಯಿಲೆಯ ಮಗು ಹಠಾತ್ತನೆ ಕಡುನೀಲಿಯಾಗಿ ಏದುಸಿರು ಬಿಟ್ಟರೆ ಕ್ಲಿಪ್ ಹುಡುಕುತ್ತಾ ನಿಲ್ಲಬೇಡಿ. ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ಮಗುವನ್ನು ಸಂತೈಸಿ, 108ಕ್ಕೆ ಕರೆ ಮಾಡಿ.