ಹಿಡಿಸೂಡಿ ಕಡ್ಡಿಯ ನಕ್ಷತ್ರ, ರಾಗಿ ಪೈರಿನ ಗೋದಲಿ

ಡಿಸೆಂಬರ್ ಬಂದು ಕ್ರಿಸ್ಮಸ್ ಹತ್ತಿರವಾಯ್ತು ಅಂದರೆ ಮಂಗಳೂರಿನ ಅಂಗಡಿಗಳ ಮುಂದೆ ಬಣ್ಣಬಣ್ಣದ ನಕ್ಷತ್ರಗಳು ನೇತಾಡುತ್ತವೆ. ಚೆನ್ನಾಗೇ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ನಮ್ಮ ಮನೆಯ ನಕ್ಷತ್ರಕ್ಕೆ ಸವೆದ ಹಿಡಿಸೂಡಿಯೇ, ಅಂದರೆ ತೆಂಗಿನ ಕಡ್ಡಿ ಪೊರಕೆಯೇ ಸಾಕು. ದುಡ್ಡು ಕೊಟ್ಟು ತರೋದು ಫೆವಿಕಾಲ್ ಮತ್ತು ಅರ್ಧ ವ್ಯಾಟಿನ ಎಲ್‌ಇಡಿ ಬಲ್ಬು, ಅಷ್ಟೇ. ಹಳೇ ಸಾಮಾನಿನ ಅಲಂಕಾರ ಅಂತ ಹೊರಟು ಗ್ಲಿಟರ್, ಥರ್ಮಾಕೋಲ್, ಸ್ಪ್ರೇ ಪೇಂಟ್ ಎಲ್ಲಾ ಕೊಂಡು ತಂದರೆ ಅಂಗಡಿಯ ನಕ್ಷತ್ರವೇ ಅಗ್ಗ ಬೀಳುತ್ತೆ, ಅಲ್ವಾ?

ಮೊದಲು ನಕ್ಷತ್ರ. ನಾಲ್ಕೈದು ಕಡ್ಡಿ ಸೇರಿಸಿ ದಾರ ಸುತ್ತಿ ಬಿಗಿದರೆ ಒಂದು ಕೋಲು. ಒಂದೂವರೆ ಅಡಿ ಉದ್ದದ ಇಂಥ 10 ಕೋಲು ಬೇಕು. ಪೆನ್ಸಿಲ್ ಎತ್ತದೆ ಮಕ್ಕಳು ನಕ್ಷತ್ರ ಬಿಡಿಸುತ್ತಾರಲ್ಲ, ಅದೇ ಆಕಾರದಲ್ಲಿ ಐದು ಕೋಲುಗಳನ್ನು ನೆಲದ ಮೇಲಿಟ್ಟು ತುದಿಗಳನ್ನು ಕಟ್ಟಿ. ಉಳಿದ ಐದರಲ್ಲಿ ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ಐದು ಮೂಲೆಗಳಲ್ಲಿ ಮಾತ್ರ ಬಿಗಿಯಿರಿ. ಈಗ ಒಳಗೆ ಕೋಲುಗಳು ಅಡ್ಡ ಹಾಯುವ ಐದು ಜಾಗಗಳಿವೆ. ಅಲ್ಲಿ ಎರಡು ನಕ್ಷತ್ರಗಳ ನಡುವೆ ನಾಲ್ಕು ಇಂಚಿನ ತುಂಡು ಕಡ್ಡಿ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಆಗ ಹೊಟ್ಟೆ ಉಬ್ಬಿ ಬರುತ್ತೆ. ಈ ತುಂಡುಗಳ ಅಳತೆ ಹೆಚ್ಚುಕಮ್ಮಿ ಆದರೆ ನಕ್ಷತ್ರ ಸೊಟ್ಟ, ಹಾಗಾಗಿ ಐದನ್ನೂ ಒಟ್ಟಿಗೆ ಹಿಡಿದೇ ಕತ್ತರಿಸಿ.

ಮೇಲೆ ಹೊದಿಸೋಕೆ ಹಳೇ ದುಪಟ್ಟಾ, ತೆಳು ನೈಲಾನ್ ಸೀರೆ ಒಳ್ಳೇದು. ಕಾಗದವಾದರೆ ರಾತ್ರಿ ಇಬ್ಬನಿಗೆ ಒದ್ದೆಯಾಗಿ ಹರಿದುಹೋಗುತ್ತೆ. ಬಟ್ಟೆಯನ್ನು ಎಳೆದು ಹಿಡಿದು ಕೋಲಿಗೆ ಸೇರಿಸಿ ಹೊಲಿಯಿರಿ. ಹಿಂದಿನ ಒಂದು ತ್ರಿಕೋನ ಮಾತ್ರ ಬಿಟ್ಟಿರಲಿ, ಬಲ್ಬು ಅಲ್ಲಿಂದ ಒಳಗೆ ಹೋಗಬೇಕು. ಹಳೇ ಬಿಸಿ ಬಲ್ಬು ಹಾಕಲೇಬೇಡಿ, ಬಟ್ಟೆ ಸುಟ್ಟೀತು.

ಜರಿ ತೋರಣಕ್ಕೆ ಚಿಪ್ಸ್ ಪ್ಯಾಕೆಟ್. ಸೋಪು ನೀರಲ್ಲಿ ಎಣ್ಣೆ ಜಿಡ್ಡು ತೊಳೆದು ಒಣಗಿಸಿ. ಇಲ್ಲದಿದ್ದರೆ ಇರುವೆಗಳಿಗೆ ಹಬ್ಬ. ಎರಡಿಂಚು ಅಗಲದ ಪಟ್ಟಿ ಮಾಡಿ, ಒಂದು ಅಂಚು ಬಿಟ್ಟು ಸಣ್ಣಗೆ ಸೀಳಿ, ದಾರದ ಮೇಲೆ ಸುತ್ತುತ್ತಾ ಅಂಟಿಸಿದರೆ ಬೆಳ್ಳಿ ಹಾಗೆ ಹೊಳೆಯುತ್ತೆ.

ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗುಂಡುಗಳಿಗೆ ಹಳೇ ಮದುವೆ ಕಾಗದ. ಬಾಟಲಿ ಮುಚ್ಚಳ ಇಟ್ಟು ಆರು ವೃತ್ತ ಬರೆದು ಕತ್ತರಿಸಿ, ಅರ್ಧಕ್ಕೆ ಮಡಚಿ, ಬೆನ್ನಿಗೆ ಬೆನ್ನು ಅಂಟಿಸಿ, ನಡುವೆ ದಾರ. ಅಕ್ಕಪಕ್ಕದ ಮನೆಗಳಿಂದ ಬಂದ ಕಾಗದಗಳಲ್ಲಿ ಗಣಪತಿ ಇರುತ್ತಾನೆ. ಆ ಭಾಗ ಮುಟ್ಟಲ್ಲ, ಬೇರೆ ತೆಗೆದಿಡುತ್ತೇನೆ. ದೇವರ ಚಿತ್ರಕ್ಕೆ ಕತ್ತರಿ ಹಾಕೋದು ಸರಿಯಲ್ಲ.

ಇನ್ನು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೊಂಬೆಗಳ ದೃಶ್ಯ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಒಂದಿಷ್ಟು ಹುಲ್ಲು, ಎತ್ತು, ಕತ್ತೆ ತಂದು ನಿಲ್ಲಿಸಿಯೇ ಕ್ರಿಸ್ಮಸ್ ಆಚರಿಸಿದ್ದರು. ನಮಗೆ ರಟ್ಟಿನ ಪೆಟ್ಟಿಗೆ ಸಾಕು. ಒಂದು ಬದಿ ಕತ್ತರಿಸಿ ತೆಗೆದು, ಮುದ್ದೆ ಮಾಡಿದ ಪೇಪರನ್ನು ಮೈದಾ ಅಂಟಲ್ಲಿ ಅದ್ದಿ ಮೇಲೆಲ್ಲಾ ಮೆತ್ತಿ. ಅಂಟು ಹಸಿ ಇರುವಾಗಲೇ ಒಣಗಿಸಿಟ್ಟ ಕಾಫಿ ಚರಟ ಉದುರಿಸಿ. ಬಣ್ಣ ಹಚ್ಚೋದೇ ಬೇಡ, ಥೇಟ್ ಮಣ್ಣಿನ ಗುಡ್ಡ. ಎರಡು ದಿನ ಬಿಸಿಲಲ್ಲಿ ಒಣಗಲಿ.

ಹುಲ್ಲಿಗೆ ರಾಗಿ. ಡಿಸೆಂಬರ್ 14ರ ರಾತ್ರಿ ನೆನೆಸಿ, ಮರುದಿನ ತಟ್ಟೆಯಲ್ಲಿ ಒದ್ದೆ ಗೋಣಿ ತುಂಡು ಹಾಸಿ ಒತ್ತಾಗಿ ಹರಡಿ. ಮೊಳಕೆ ಬರೋವರೆಗೆ ಬಟ್ಟೆ ಮುಚ್ಚಿಡಿ, ಆಮೇಲೆ ಕಿಟಕಿ ಹತ್ತಿರ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ, ಇಲ್ಲಾಂದ್ರೆ ಕೊಳೆತು ವಾಸನೆ. 24ರ ಹೊತ್ತಿಗೆ ಎಳೆ ಹಸಿರು ಪೈರು ರೆಡಿ. ಗೋಣಿ ಸಮೇತ ಎತ್ತಿ ಗೋದಲಿಯ ಕುರಿ ಗೊಂಬೆಗಳ ಮುಂದೆ ಇಟ್ಟರಾಯ್ತು.

ಬಾಲ ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬ ಜನವರಿ 6ಕ್ಕೆ. ಅದು ಕಳೆದ ಮೇಲೆ ಎಲ್ಲಾ ಬಿಚ್ಚುತ್ತೇವೆ. ಪೈರು ದನಕ್ಕೆ. ಮೈದಾ ಮೆತ್ತಿದ ಗುಡ್ಡವನ್ನು ಇಟ್ಟುಕೊಳ್ಳಬೇಡಿ, ಜಿರಲೆ ಬರುತ್ತೆ. ನಕ್ಷತ್ರದ ಬಟ್ಟೆ ಬಿಚ್ಚಿ ಒಗೆದು, ಅಸ್ಥಿಪಂಜರವನ್ನು ಅಟ್ಟದ ಮೊಳೆಗೆ ನೇತುಹಾಕಿ. ನೆಲದ ಮೇಲಿಟ್ಟರೆ ಇಲಿ ದಾರ ಕಡಿಯುತ್ತೆ.